ಮೆದುಳಿನ ಕೊಬ್ಬು ಮತ್ತು ಪರೀಕ್ಷಾ ನಳಿಕೆಯ ಗುಲಾಬಿ ಬಣ್ಣ: ನನ್ನ ಅನುಭವ

ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2 ಮಾತ್ರ. ಆದರೆ ವಿಶ್ರಾಂತ ಸ್ಥಿತಿಯಲ್ಲಿ ದೇಹ ಬಳಸುವ ಆಮ್ಲಜನಕದ ಸುಮಾರು ಶೇ. 20ರಷ್ಟು ಅದಕ್ಕೇ ಬೇಕು. ನೀರಿನಂಶ ಕಳೆದು ಉಳಿಯುವ ಮೆದುಳಿನಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಭಾಗ ಕೊಬ್ಬು. ಇಷ್ಟೊಂದು ಆಮ್ಲಜನಕ ಮತ್ತು ಇಷ್ಟೊಂದು ಕೊಬ್ಬು ಒಂದೇ ಕಡೆ ಇರುವುದರಿಂದಲೇ ಉತ್ಕರ್ಷಣ ಒತ್ತಡದ (ಆಮ್ಲಜನಕದಿಂದ ಹುಟ್ಟುವ ಚುರುಕು ಅಣುಗಳು ದೇಹದ ರಕ್ಷಣೆಯನ್ನು ಮೀರಿ ಹಾನಿ ಮಾಡುವ ಸ್ಥಿತಿಯ) ಪ್ರಶ್ನೆ ಮೆದುಳಿನ ವಿಷಯದಲ್ಲಿ ಗಂಭೀರವಾಗುತ್ತದೆ. ದಾವಣಗೆರೆಯ ವೈದ್ಯಕೀಯ ಕಾಲೇಜೊಂದರ ಜೀವರಸಾಯನ ವಿಭಾಗದಲ್ಲಿ, ಪಾರ್ಶ್ವವಾಯುವಿಗೆ ತುತ್ತಾದವರ ರಕ್ತದಲ್ಲಿ ಈ ಒತ್ತಡದ ಗುರುತುಗಳನ್ನು ಅಳೆಯಲು ನಾನು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಬ್ಬಿನಾಮ್ಲದಲ್ಲಿ ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲದ ಮೇಲಿನ ಜಲಜನಕ ಬಹಳ ಸಡಿಲವಾಗಿರುತ್ತದೆ. ಶೇಂಗಾ ಎಣ್ಣೆಯಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲದಲ್ಲಿ ಅಂತಹ ತಾಣವೇ ಇಲ್ಲ, ಲಿನೋಲಿಯಿಕ್ ಆಮ್ಲದಲ್ಲಿ ಒಂದಿದೆ, ಅರಾಕಿಡೋನಿಕ್ ಆಮ್ಲದಲ್ಲಿ ಮೂರಿವೆ. ಮೆದುಳಿನ ಜೀವಕೋಶಗಳ ಪೊರೆಯಲ್ಲಿ ಸಮೃದ್ಧವಾಗಿರುವ, 22 ಇಂಗಾಲ ಮತ್ತು 6 ದ್ವಿಬಂಧಗಳ ಡಿಎಚ್‌ಎ ಆಮ್ಲದಲ್ಲಿ ಐದಿವೆ. ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಚುರುಕು ಕಣವಾದ ಮುಕ್ತ ರಾಡಿಕಲ್ ಒಂದು ಅಂತಹ ಜಲಜನಕವನ್ನು ಕಿತ್ತುಕೊಂಡರೆ, ಅಲ್ಲಿಗೆ ಆಮ್ಲಜನಕ ಸೇರಿ ಪೆರಾಕ್ಸಿಲ್ ರಾಡಿಕಲ್ ಹುಟ್ಟುತ್ತದೆ. ಅದು ಪಕ್ಕದ ಕೊಬ್ಬಿನಾಮ್ಲದಿಂದ ಮತ್ತೊಂದು ಜಲಜನಕವನ್ನು ಕಿತ್ತುಕೊಳ್ಳುತ್ತದೆ, ಹೀಗೆ ಸರಪಳಿ ಮುಂದುವರಿಯುತ್ತದೆ. ಚಳ್ಳಕೆರೆಯ ಗಾಣಗಳಿಂದ ಬಂದ ಎಣ್ಣೆಯನ್ನು ಬಹುಕಾಲ ತೆರೆದಿಟ್ಟರೆ ಕಮಟು ವಾಸನೆ ಬರುವುದಕ್ಕೆ ಕಾರಣವೂ ಇದೇ ರಾಸಾಯನಿಕ ಕ್ರಿಯೆ.

ನಾನು ಬಳಸುವ ವಿಧಾನವೂ ಮೆದುಳಿನಿಂದಲೇ ಹುಟ್ಟಿತು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. 1944ರಲ್ಲಿ ಕೋನ್ ಮತ್ತು ಲಿವರ್ಸೆಜ್ ಎಂಬ ಸಂಶೋಧಕರು, ಗಾಳಿಯ ಸಂಪರ್ಕದಲ್ಲಿಟ್ಟ ಮೆದುಳಿನ ಅಂಗಾಂಶದಿಂದ ಬಂದ ವಸ್ತುವೊಂದು ಥಯೋಬಾರ್ಬಿಟ್ಯೂರಿಕ್ ಆಮ್ಲದೊಂದಿಗೆ ಸೇರಿ ಬಣ್ಣ ಕೊಡುವುದನ್ನು ವರದಿ ಮಾಡಿದರು. ಕೊಬ್ಬು ಒಡೆದಾಗ ಬರುವ ಮ್ಯಾಲೊಂಡೈಆಲ್ಡಿಹೈಡ್ ಈ ಆಮ್ಲದ ಎರಡು ಅಣುಗಳೊಂದಿಗೆ ಕೂಡಿದರೆ ಗುಲಾಬಿ ಬಣ್ಣ ಮೂಡುತ್ತದೆ. ಅದನ್ನು 532 ನ್ಯಾನೊಮೀಟರ್‌ನಲ್ಲಿ ಓದಲು, ಬಣ್ಣದ ಗಾಢತೆಯನ್ನು ಅಳೆಯುವ ಸಾಮಾನ್ಯ ಸ್ಪೆಕ್ಟ್ರೋಫೋಟೋಮೀಟರ್ ಸಾಕು.

ರೋಗಿಗಳ ರಕ್ತವನ್ನು ಮುಟ್ಟುವ ಮೊದಲು, ಮಾಂಸದ ಅಂಗಡಿಯಿಂದ ತಂದ ಕುರಿಯ ಮೆದುಳನ್ನು ಮಂಜುಗಡ್ಡೆಯ ಮೇಲೆ ಫಾಸ್ಫೇಟ್ ಬಫರಿನಲ್ಲಿ ಅರೆದು ಅಭ್ಯಾಸ ಮಾಡಿಕೊಂಡೆ. ಒಂದು ಪಾಲನ್ನು ತಣ್ಣಗೆ ಇಟ್ಟೆ. ಇನ್ನೊಂದು ಪಾಲಿಗೆ ಅತ್ಯಲ್ಪ ಕಬ್ಬಿಣ ಮತ್ತು ವಿಟಮಿನ್ ಸಿ ಸೇರಿಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟೆ. ಬಳಿಕ ಥಯೋಬಾರ್ಬಿಟ್ಯೂರಿಕ್ ಆಮ್ಲದಿಂದ ಪರೀಕ್ಷಿಸಿದಾಗ ಬಿಸಿಯಲ್ಲಿದ್ದದ್ದು ಗಾಢ ಗುಲಾಬಿಯಾಯಿತು, ಮೊದಲೇ ವಿಟಮಿನ್ ಇ ಸೇರಿಸಿದ್ದ ನಳಿಕೆಯಲ್ಲಿ ಬಣ್ಣ ತಿಳಿಯಾಗಿ ಉಳಿಯಿತು. ರಕ್ಷಕವೆಂದು ಹೆಸರಾದ ವಿಟಮಿನ್ ಸಿ, ಕಬ್ಬಿಣ ಎದುರಿಗಿದ್ದಾಗ ಆ ಕಬ್ಬಿಣವನ್ನು ಮತ್ತೆ ಮತ್ತೆ ಕ್ರಿಯಾಶೀಲ ರೂಪಕ್ಕೆ ತಂದು ಕೊಬ್ಬಿನ ನಾಶವನ್ನು ಹೆಚ್ಚಿಸಬಲ್ಲದು ಎಂಬುದನ್ನು ವಿದ್ಯಾರ್ಥಿಗಳು ತಮ್ಮ ಕಣ್ಣಿನಿಂದಲೇ ನೋಡಬೇಕು. ಪಠ್ಯದಲ್ಲಿ ಓದಿದ್ದು ಅಷ್ಟು ಬಲವಾಗಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಮನುಷ್ಯರ ಮಾದರಿಗಳಲ್ಲಿ ನನ್ನ ಗಮನವೆಲ್ಲ ಒಂದೇ ಕಡೆಗಿರುತ್ತದೆ. ನಳಿಕೆಯಲ್ಲಿ ಕಾಣುವ ಉತ್ಕರ್ಷಣೆಯು ರೋಗಿಯ ದೇಹದಲ್ಲಿ ನಡೆದದ್ದಾಗಿರಬೇಕೇ ಹೊರತು ನಮ್ಮ ಪ್ರಯೋಗಾಲಯದಲ್ಲಿ ನಡೆದದ್ದಾಗಿರಬಾರದು. ಬೇಸಿಗೆಯಲ್ಲಿ ದಾವಣಗೆರೆಯ ವಾರ್ಡಿನಿಂದ ಪ್ರಯೋಗಾಲಯದವರೆಗಿನ ದಾರಿಯೇ ರಕ್ತವನ್ನು ಕೆಡಿಸಬಲ್ಲದು. ಆದ್ದರಿಂದ ಕಬ್ಬಿಣವನ್ನು ಹಿಡಿದಿಡುವ ಇಡಿಟಿಎ ನಳಿಕೆಯಲ್ಲಿ ರಕ್ತ ಪಡೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂದು, ಕೂಡಲೇ ಸೆಂಟ್ರಿಫ್ಯೂಜ್ ಮಾಡಿ, ರಕ್ತದ ದ್ರವಭಾಗವಾದ ಪ್ಲಾಸ್ಮಾ ಬೇರ್ಪಟ್ಟೊಡನೆ ಉತ್ಕರ್ಷಣೆ ತಡೆಯುವ ರಾಸಾಯನಿಕವಾದ ಬಿಎಚ್‌ಟಿ ಸೇರಿಸುತ್ತೇನೆ. ಆಮ್ಲದೊಂದಿಗೆ 95 ಡಿಗ್ರಿಯಲ್ಲಿ ಕಾಯಿಸುವಾಗ ಹೊಸದಾಗಿ ಕೊಬ್ಬು ಒಡೆಯದಂತೆ ತಡೆಯುವುದು ಈ ಬಿಎಚ್‌ಟಿ. ಕೆಂಪುಕಣಗಳು ಒಡೆದು ಕೆಂಪಾದ ಪ್ಲಾಸ್ಮಾವನ್ನು ನಾನು ಬಳಸುವುದೇ ಇಲ್ಲ, ಏಕೆಂದರೆ ಹಿಮೋಗ್ಲೋಬಿನ್‌ನಿಂದ ಅಳತೆ ತಪ್ಪಾಗುತ್ತದೆ. ಸಕ್ಕರೆ ಮತ್ತು ಬಿಲಿರುಬಿನ್ ಕೂಡ ಇದೇ ತೊಂದರೆ ಕೊಡಬಲ್ಲವು. ಆದ್ದರಿಂದ ಪ್ರತಿ ಮಾದರಿಗೂ ಥಯೋಬಾರ್ಬಿಟ್ಯೂರಿಕ್ ಆಮ್ಲವಿಲ್ಲದ ಪ್ರತ್ಯೇಕ ಬ್ಲ್ಯಾಂಕ್ (ಹೋಲಿಕೆಯ ನಳಿಕೆ) ಇಟ್ಟು, ಬಣ್ಣವನ್ನು ದ್ರಾವಕವಾದ ಬ್ಯೂಟನಾಲ್‌ಗೆ ಎಳೆದುಕೊಂಡು ಓದುತ್ತೇನೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ, ಸಿಕ್ಕ ಸಂಖ್ಯೆ ಮೆದುಳಿನದ್ದು ಎಂದು ನಾನು ಬರೆಯುವುದಿಲ್ಲ. ಪ್ಲಾಸ್ಮಾದ ಮ್ಯಾಲೊಂಡೈಆಲ್ಡಿಹೈಡ್ ಇಡೀ ದೇಹದ್ದು. ಧೂಮಪಾನ ಮತ್ತು ಮಧುಮೇಹಗಳೂ ಅದನ್ನು ಏರಿಸುತ್ತವೆ. ಹೀಗಾಗಿ ಹರಿಹರ, ಜಗಳೂರು, ಚನ್ನಗಿರಿ ಕಡೆಗಳಿಂದ ಬರುವ ರೋಗಿಗಳನ್ನು ಅದೇ ವಯಸ್ಸಿನ, ಅದೇ ಅಭ್ಯಾಸಗಳ ಆರೋಗ್ಯವಂತರೊಂದಿಗೆ ಹೋಲಿಸಿದಾಗ ಮಾತ್ರ ಆ ಸಂಖ್ಯೆಗೆ ಅರ್ಥ ಬರುತ್ತದೆ. ಮೆದುಳಿಗೆ ಹೆಚ್ಚು ಹತ್ತಿರದ ಸಾಕ್ಷಿಯೆಂದರೆ ಡಿಎಚ್‌ಎಯಿಂದಲೇ ಹುಟ್ಟುವ, 1998ರಲ್ಲಿ ವಿವರಿಸಲಾದ ನ್ಯೂರೋಪ್ರೋಸ್ಟೇನ್‌ಗಳು. ಅವುಗಳನ್ನು ಅಳೆಯಲು ಮಾಸ್ ಸ್ಪೆಕ್ಟ್ರೋಮೀಟರ್ ಬೇಕು, ಅದಕ್ಕೆ ಬೆನ್ನುಹುರಿಯ ದ್ರವ ಇದ್ದರೆ ಉತ್ತಮ. ಕೇವಲ ಸಂಶೋಧನೆಗಾಗಿ ಯಾರ ಬೆನ್ನಿಗೂ ಸೂಜಿ ಚುಚ್ಚಿಸಲು ನಾನು ಒಪ್ಪುವುದಿಲ್ಲ. ಚಿಕಿತ್ಸೆಗೆಂದು ತೆಗೆದು ಉಳಿದ ದ್ರವವನ್ನು, ನೈತಿಕ ಸಮಿತಿಯ ಅನುಮತಿ ಮತ್ತು ಮನೆಯವರ ಒಪ್ಪಿಗೆ ಇದ್ದರಷ್ಟೇ, ಮೈನಸ್ 80 ಡಿಗ್ರಿಯಲ್ಲಿ ಕಾಯ್ದಿಡುತ್ತೇನೆ.

ಒಪ್ಪಿಗೆ ಪಡೆಯುವಾಗ ರೋಗಿಯ ಮಕ್ಕಳು ಹೆಚ್ಚಾಗಿ ಕೇಳುವುದು, "ಹಂಗಾದ್ರೆ ಅಪ್ಪಾಜಿಗೆ ವಿಟಮಿನ್ ಇ ಮಾತ್ರೆ ಕೊಡಬಹುದೇನ್ರಿ ಮೇಡಂ?" ಎಂದು. ವಿಟಮಿನ್ ಇ ಸಾಗಿಸುವ ಪ್ರೋಟೀನ್ ಹುಟ್ಟಿನಿಂದಲೇ ಕೆಟ್ಟಿರುವ ಅಪರೂಪದ ಕಾಯಿಲೆಯಲ್ಲಿ ನಡಿಗೆಯ ಸಮತೋಲನ ತಪ್ಪುತ್ತದೆ, ಅವರಿಗೆ ಈ ವಿಟಮಿನ್ ನಿಜವಾದ ಔಷಧ. ಆದರೆ ಫಿನ್ಲೆಂಡಿನ ಧೂಮಪಾನಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ 50 ಮಿಲಿಗ್ರಾಂ ವಿಟಮಿನ್ ಇ ಪಡೆದವರಲ್ಲಿ ಮೆದುಳಿನ ರಕ್ತಸ್ರಾವದಿಂದಾದ ಸಾವುಗಳು ಹೆಚ್ಚಾಗಿ ಕಂಡವು. ನಳಿಕೆಯಲ್ಲಿ ಬಣ್ಣವನ್ನು ತಡೆದ ವಸ್ತು ಮನುಷ್ಯನ ಮೆದುಳನ್ನೂ ಹಾಗೆಯೇ ಕಾಯುತ್ತದೆಂದು ಹೇಳಲು ನನ್ನ ಪರೀಕ್ಷೆ ಆಧಾರವಾಗದು ಎಂದು ಅವರಿಗೆ ವಿವರಿಸಿ, ಬಿ.ಪಿ. ಮತ್ತು ಸಕ್ಕರೆಯ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬೇಡಿ, ಬೀಡಿ ಬಿಡಿಸಿ ಎಂದು ಕೇಳಿಕೊಳ್ಳುತ್ತೇನೆ.