ರೋಡ್‌ಕಿಂಗ್ ಟ್ಯಾಂಕಿನ ತುಕ್ಕು: ಕೊನೆಗೂ ಕೈಹಿಡಿದದ್ದು ಕರೆಂಟು

ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಕರೆಂಟು ಕೊಟ್ಟು ತುಕ್ಕು ತೆಗೆದೆ ಅಂದರೆ ನಮ್ಮ ಪೇಟೆಯ ಮೆಕ್ಯಾನಿಕ್‌ಗಳು ಈಗಲೂ ಪೂರ್ತಿ ನಂಬುವುದಿಲ್ಲ. ಕರೆಂಟು ಕೊಟ್ಟರೆ ಟ್ಯಾಂಕೇ ಕರಗಿ ತೂತಾಗುತ್ತದೆ ಎಂದು ನಮ್ಮ ಮೆಕ್ಯಾನಿಕ್ ಮೊದಲೇ ಹೇಳಿದ್ದರು. ನಂಬದಿದ್ದರೆ ಬೇಡ. ಎರಡು ಮಳೆಗಾಲ ದಾಟಿದೆ, ತುಕ್ಕಿನ ಕಾರಣಕ್ಕೆ ಕಾರ್ಬ್ಯುರೇಟರ್ ಬಿಚ್ಚಿಲ್ಲ. ಫಿಲ್ಟರಿನಲ್ಲಿ ಕೆಂಪು ಹುಡಿ ಇಲ್ಲ. ಅಷ್ಟು ದಿನ ಕಾದ ಮೇಲೆಯೇ ಬರೆಯಲು ಕೂತಿದ್ದೇನೆ. ತೊಳೆದ ಮರುದಿನ ಫೋಟೋ ಹಾಕಿ ಕುಣಿಯುವವರು ಬೇಕಾದಷ್ಟು ಜನ ಇದ್ದಾರೆ, ಆರು ತಿಂಗಳು ಬಿಟ್ಟು ಅದೇ ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟು ತೋರಿಸುವವರು ಕಮ್ಮಿ.

ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದರೆ ಒರಿಜಿನಲ್ ಟ್ಯಾಂಕ್ ಯಾವುದೇ ಇರಲಿ, ಅದಕ್ಕೆ ಈಗ ಕಮ್ಮಿ ಅಂದರೂ ಮೂವತ್ತರ ಆಸುಪಾಸು ವಯಸ್ಸು. ಹೊಸದಾಗಿ ಮಾಡಿದ ಟ್ಯಾಂಕ್‌ಗಳು ಸಿಗುತ್ತವೆ. ನಾನು ಕೇಳಿದಾಗ ಏಳೆಂಟು ಸಾವಿರ ಹೇಳಿದರು. ನೋಡಿದ ಒಂದರಲ್ಲಿ ತಗಡು ತೆಳು, ಮೌಂಟಿಂಗ್ ತೂತು ಬೇರೆ ಕೂರುವುದಿಲ್ಲ. ಹಳೆಯದರ ದಪ್ಪ ತಗಡು ನೋಡಿದವರು ಅದನ್ನು ಬಿಡುವುದಿಲ್ಲ.

ನನ್ನ ಗಾಡಿ ತೀರ್ಥಹಳ್ಳಿ ಕಡೆಯ ಮನೆಯ ಕೊಟ್ಟಿಗೆಯಲ್ಲಿ ಐದಾರು ಮಳೆಗಾಲ ನಿಂತಿತ್ತು. ಆಗುಂಬೆಯ ಮಳೆಗೆ ಹತ್ತಿರದ ಜಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುತ್ತದೆ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇತ್ತು. ಒಳಗೆ ನೋಡಿದರೆ ಮೂರು ಪಟ್ಟಿ. ಮೇಲಿನ ಖಾಲಿ ಭಾಗ ಪೂರ್ತಿ ಕೆಂಪು. ನಡುವೆ ಆಯಿಲ್ ಬೆರೆತ ಪೆಟ್ರೋಲ್ ನಿಂತಿದ್ದ ಕಡೆ ಬಹುತೇಕ ಚೆನ್ನಾಗಿದೆ. ತೀರಾ ತಳದಲ್ಲಿ, ನೀರು ಇಳಿದು ಕೂತ ಕಡೆ, ಪೆಟ್ರೋಲ್ ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಸುತ್ತ ಮತ್ತು ಬೆಸುಗೆ ಅಂಚಿನಲ್ಲಿ, ಹಕ್ಕಳೆ ಹಕ್ಕಳೆ ತುಕ್ಕು. ಯೆಜ್ಡಿಯಂಥ ಟೂ ಸ್ಟ್ರೋಕ್‌ನವರಿಗೆ ಇದೊಂದು ಅದೃಷ್ಟ. ಟ್ಯಾಂಕಿಗೇ ಆಯಿಲ್ ಹಾಕುವುದರಿಂದ ಪೆಟ್ರೋಲ್ ತಾಗಿದ ಕಡೆ ಒಂದು ಪಸೆ ಉಳಿಯುತ್ತದೆ. ಯಮಹಾ ಆರ್‌ಎಕ್ಸ್ 100 ಕೂಡ ಟೂ ಸ್ಟ್ರೋಕೇ, ಆದರೆ ಅದಕ್ಕೆ ಆ ಭಾಗ್ಯ ಇಲ್ಲ, ಅದರ ಆಯಿಲ್ ಬೇರೆ ಡಬ್ಬಿಯಲ್ಲಿ.

ರೋಗದ ಲಕ್ಷಣ ನಿಮಗೆ ಗೊತ್ತಿರುವುದೇ. ನಾಲ್ಕೈದು ಕಿಲೋಮೀಟರ್ ಓಡಿ ಉಸಿರು ಕಟ್ಟುತ್ತದೆ, ಸ್ವಲ್ಪ ನಿಂತರೆ ಮತ್ತೆ ಸ್ಟಾರ್ಟ್. ಪ್ಲಗ್, ಕಾಯಿಲ್, ಕಂಡೆನ್ಸರ್ ಎಂದು ಸಾವಿರದಿನ್ನೂರು ಖರ್ಚು ಮಾಡಿಸಿದ ಮೇಲೆ ಯಾರೋ ಕಾರ್ಬ್ಯುರೇಟರಿನ ಪೈಲಟ್ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತಿನ ತುಂಡು) ಬಿಚ್ಚಿ ನೋಡಿದರು, ತುಕ್ಕಿನ ಹುಡಿ ಕಟ್ಟಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಬೇಬಿ ಜಲ್ಲಿ, ನಟ್ಟು, ಸೋಪಿನ ನೀರು ಹಾಕಿ ಅಲುಗಾಡಿಸುವುದು. ಕೈ ಸೋತಾಗ ಟ್ಯಾಂಕನ್ನು ಹಳೇ ಟೈರುಗಳ ನಡುವೆ ಕಟ್ಟಿ ಉರುಳಿಸಿದೆವು. ಹಕ್ಕಳೆ ಉದುರುತ್ತದೆ, ಅದು ನಿಜ. ಆದರೆ ಜಲ್ಲಿ ಒಡೆದು ಹುಡಿಯಾಗಿ ಒಳಗೇ ಉಳಿಯುತ್ತದೆ. ನಟ್ಟುಗಳನ್ನು ಮ್ಯಾಗ್ನೆಟ್ ಕಟ್ಟಿ ತೆಗೆಯಬೇಕು, ಒಂದಾದರೂ ಮೂಲೆ ಸೇರಿ ಕೂರುತ್ತದೆ. ಈಗ ನಾನು ಹಾಕುವುದು ಹಳೇ ಚೈನಿನ ಒಂದು ಮೊಳ ತುಂಡು, ತುದಿಗೆ ತಂತಿ. ಅಲುಗಾಡಿಸಿ ಎಳೆದರೆ ಮುಗಿಯಿತು.

ಆಮೇಲೆ ಆಸಿಡ್. ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್. ಅರ್ಧ ಗಂಟೆಯಲ್ಲಿ ತಗಡು ಬೆಳ್ಳಿ ಆಯಿತು. ತೊಳೆದೆ, ಸೋಡಾ ನೀರು ಹಾಕಿದೆ, ಬಿಸಿಲಿಗಿಟ್ಟೆ. ಮರುದಿನ ಬೆಳಗ್ಗೆ ಒಳಗೆಲ್ಲ ಕಿತ್ತಳೆ ಬಣ್ಣ. ಆಸಿಡ್ಡಿನ ಕ್ಲೋರೈಡ್ ಬೆಸುಗೆಯ ಸಂದಿಯಲ್ಲಿ ಕೂತರೆ ತೊಳೆದಷ್ಟೂ ತುಕ್ಕು ಬರುತ್ತದೆ. ಅದು ತುಕ್ಕನ್ನು ಮಾತ್ರ ತಿನ್ನುವುದಿಲ್ಲ, ಒಳ್ಳೆಯ ತಗಡನ್ನೂ ತಿನ್ನುತ್ತದೆ. ಅದರ ಹೊಗೆಗೆ ಪಕ್ಕದ ಶೆಲ್ಫಿನಲ್ಲಿದ್ದ ಸ್ಪ್ಯಾನರ್ ಸೆಟ್ಟಿಗೂ ತುಕ್ಕು ಹಿಡಿಯಿತು.

ಮೂರನೆಯದು ಲೈನರ್ ಕಿಟ್, ಅಂದರೆ ಟ್ಯಾಂಕಿನ ಒಳಮೈಗೆ ಪೇಂಟಿನ ಹಾಗೆ ಪದರ ಕಟ್ಟುವ ಸಾಮಾನು. ಎರಡೂವರೆ ಸಾವಿರದ ಹತ್ತಿರ ಕೊಟ್ಟೆ. ಟ್ಯಾಂಕಿನ ಒಳಗೆ ಸುರಿದು ಎಲ್ಲ ಕಡೆ ತಿರುಗಿಸಿ ಒಣಗಿಸುವುದು. ಮೊದಲ ಕೆಲವು ತಿಂಗಳು ಸ್ವರ್ಗ. ಒಂದು ವರ್ಷ ತುಂಬುವ ಮೊದಲೇ ಸಿಪ್ಪೆ ಎದ್ದು, ತುಂಡು ತುಂಡಾಗಿ ಬಂದು ಕಾಕ್ ಕಟ್ಟಿತು. ಲೈನರ್ ಕೆಟ್ಟ ಸಾಮಾನು ಎಂದು ನಾನು ಹೇಳುವುದಿಲ್ಲ. ಕೆಳಗೆ ತುಕ್ಕಿನ ಹುಡಿಯೋ ಆಯಿಲ್ ಪಸೆಯೋ ಉಳಿದಿದ್ದರೆ ಅದು ಕಚ್ಚುವುದಿಲ್ಲ. ಮೇಲಿಂದ ಈಗ ಇ20 (ಶೇಕಡ 20 ಎಥನಾಲ್ ಬೆರೆತ) ಪೆಟ್ರೋಲ್, ಎಥನಾಲ್ ತಡೆಯದ ಲೈನರ್ ಮೆತ್ತಗಾಗುತ್ತದೆ. ಆದರೆ ಪೂರ್ತಿ ಸ್ವಚ್ಛ ಮಾಡಲು ಬಂದರೆ ಲೈನರ್ ಯಾಕೆ ಬೇಕು? ನನ್ನ ಪ್ರಶ್ನೆ ಅಷ್ಟೇ. ಆ ಸಿಪ್ಪೆ ಕೀಳಲು ಥಿನ್ನರ್, ಪೇಂಟ್ ರಿಮೂವರ್ ಎಂದು ಇನ್ನೊಂದು ಎಂಟುನೂರು ಹೋಯಿತು. ಇಡೀ ಪ್ರಕರಣದಲ್ಲಿ ಅತಿ ಕೊಳಕು ಕೆಲಸ ಅದೇ.

ನಡುವೆ ಎರಡು ಮಲೆನಾಡು ಪ್ರಯೋಗ ಆಯಿತು, ಹೇಳಿಬಿಡುತ್ತೇನೆ. ಒಂದು ಜೋನಿಬೆಲ್ಲ, ಅಂದರೆ ದ್ರವ ಬೆಲ್ಲ. ಒಂದು ಪಾಲು ಜೋನಿಬೆಲ್ಲಕ್ಕೆ ಎಂಟೊಂಬತ್ತು ಪಾಲು ನೀರು ಹಾಕಿ ತುಕ್ಕು ಹಿಡಿದ ಬ್ರೇಕ್ ಪೆಡಲ್ ಮುಳುಗಿಸಿಟ್ಟೆ. ಎರಡು ಮೂರು ವಾರ ಬೇಕು, ಆದರೆ ತುಕ್ಕು ನಿಜಕ್ಕೂ ಬಿಡುತ್ತದೆ, ಒಳ್ಳೆಯ ಕಬ್ಬಿಣಕ್ಕೆ ಹೆಚ್ಚೇನೂ ಆಗುವುದಿಲ್ಲ. ಹುಳಿ ವಾಸನೆ, ನೊರೆ ಮತ್ತು ಇರುವೆ ಮಾತ್ರ ಉಚಿತ. ಟ್ಯಾಂಕಿಗೆ ತುಂಬಲು ಮನೆಯಲ್ಲಿ ಬೆಲ್ಲ ಕೊಡಲಿಲ್ಲ. ಇನ್ನೊಂದು ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು. ಬೇಯಿಸಿದ ಚೊಗರಿನಲ್ಲಿ ಟ್ಯಾನಿನ್ (ಒಗರಿನ ಅಂಶ) ಜಾಸ್ತಿ, ತುಕ್ಕಿಗೆ ತಾಗಿದರೆ ಕಪ್ಪು ಪದರ ಕಟ್ಟುತ್ತದೆ. ಅಡಿಕೆ ಸುಲಿಯುವವರ ಕತ್ತಿ ಕಪ್ಪಾಗುವುದನ್ನು ನೋಡಿದವರಿಗೆ ಹೊಸತೇನಲ್ಲ. ಟ್ಯಾಂಕಿನ ಹೊರಗೆ ಅಡಿಭಾಗದಲ್ಲಿ, ಪೇಂಟ್ ಎದ್ದು ಹೋದ ಕಡೆ, ಪ್ರೈಮರಿನ ಮೊದಲು ಅದನ್ನೇ ಹಚ್ಚಿದ್ದೇನೆ. ಇವತ್ತಿಗೂ ಗಟ್ಟಿ. ಎಷ್ಟು ದಪ್ಪ, ಎಷ್ಟು ಕೈ, ಅದರ ಜೊತೆ ಇನ್ನೇನು ಬೆರೆಸಿದೆ ಎಂಬುದು ನನ್ನಲ್ಲೇ ಇರಲಿ. ಒಳಗೆ ಮಾತ್ರ ಹಾಕಬೇಡಿ. ಅಂಟು ಉಳಿದರೆ ಜೆಟ್ಟಿಗೆ ತುಕ್ಕಿಗಿಂತ ದೊಡ್ಡ ಕಾಟ.

ಇನ್ನು ಕರೆಂಟು. ಟ್ಯಾಂಕಿಗೆ ಸೋಡಾ ಬೆರೆಸಿದ ನೀರು ತುಂಬಿ, ಒಳಗೊಂದು ಕಂಬಿ ಇಳಿಸಿ, ಕಂಬಿಗೂ ಟ್ಯಾಂಕಿಗೂ ಕರೆಂಟು ಕೊಡುವುದು. ಸಾಮಾನು ಇಷ್ಟೇ: ಬಟ್ಟೆ ಒಗೆಯುವ ವಾಷಿಂಗ್ ಸೋಡಾ, ಪಿಲ್ಲರಿಗೆ ರಿಂಗ್ ಕಟ್ಟುವ 6 ಎಂಎಂ ಕಬ್ಬಿಣದ ಕಂಬಿ, ತೋಟದ ಹಳೇ ಡ್ರಿಪ್ ಪೈಪು, 12 ವೋಲ್ಟ್ ಸಪ್ಲೈ. ಟ್ಯಾಂಕಿಗೆ ಹದಿಮೂರು ಹದಿನಾಲ್ಕು ಲೀಟರ್ ನೀರು ಹಿಡಿಯಿತು, ಸೋಡಾ ಹೆಚ್ಚುಕಡಿಮೆ 200 ಗ್ರಾಂ. ಅಡುಗೆ ಸೋಡಾ ಬೇರೆ, ಅದರಲ್ಲಿ ಕೆಲಸ ನಿಧಾನ. ಉಪ್ಪು ಹಾಕಲೇಬೇಡಿ, ಕ್ಲೋರಿನ್ ಬರುತ್ತದೆ. ಕಂಬಿ ಬದಲು ಸ್ಟೇನ್‌ಲೆಸ್ ಸ್ಟೀಲ್ ಚಮಚ, ರಾಡ್ ಬೇಡ, ಅದರ ಕ್ರೋಮಿಯಂ ನೀರಿಗೆ ಬಿಟ್ಟು ವಿಷವಾಗುತ್ತದೆ. ಜಿಂಕ್ ಬಳಿದ ಕಂಬಿಯೂ ಬೇಡ.

ಸಪ್ಲೈ ವಿಷಯದಲ್ಲಿ ಒಂದು ದಿನ ಹಾಳಾಯಿತು. ಈಗಿನ ಆಟೋಮ್ಯಾಟಿಕ್ ಬ್ಯಾಟರಿ ಚಾರ್ಜರ್‌ಗಳು ಎದುರಿಗೆ ಬ್ಯಾಟರಿ ಇಲ್ಲದಿದ್ದರೆ ಕರೆಂಟೇ ಬಿಡುವುದಿಲ್ಲ. ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಸಿಕ್ಕರೆ ಚಿನ್ನ. ನನಗೆ ಸಿಗಲಿಲ್ಲ. ಸತ್ತ ಕಂಪ್ಯೂಟರಿನ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಹಿಡಿದೆ. ಹಸಿರು ವೈರನ್ನು ಕಪ್ಪಿಗೆ ಸೇರಿಸಿದರೆ ಆನ್ ಆಗುತ್ತದೆ, ಹಳದಿ 12 ವೋಲ್ಟ್. ವೈರಿನ ನಡುವೆ ಸೀರೀಸ್ ಆಗಿ ಒಂದು ಹೆಡ್‌ಲೈಟ್ ಬಲ್ಬ್ ಹಾಕಿ. ಕರೆಂಟು ಮಿತಿ ಮೀರುವುದಿಲ್ಲ, ಕಂಬಿ ಎಲ್ಲಾದರೂ ಟ್ಯಾಂಕಿಗೆ ತಾಗಿದರೆ ಬಲ್ಬ್ ಪೂರ್ತಿ ಉರಿದು ತಿಳಿಸುತ್ತದೆ.

ಮೈನಸ್ ಟ್ಯಾಂಕಿಗೆ, ಪ್ಲಸ್ ಕಂಬಿಗೆ. ಇದು ತಿರುಗುಮುರುಗಾದರೆ ನಮ್ಮ ಮೆಕ್ಯಾನಿಕ್ ಹೇಳಿದ್ದೇ ನಿಜವಾಗುತ್ತದೆ, ಟ್ಯಾಂಕ್ ಕರಗುತ್ತದೆ. ಸರಿಯಾಗಿ ಕೊಟ್ಟರೆ ಕರಗುವುದು ಕಂಬಿ.

ವಿಡಿಯೋಗಳಲ್ಲಿ ಮುಚ್ಚಳದ ತೂತಿನಿಂದ ನೇರ ಒಂದು ರಾಡ್ ಇಳಿಸಿ ಬಿಡುತ್ತಾರೆ. ಬೈಕ್ ಟ್ಯಾಂಕಿಗೆ ಅದು ಸಾಲುವುದಿಲ್ಲ. ಕಂಬಿಗೆ ಎದುರಾಗಿ ಕಾಣುವ ಮೈಗೇ ಕರೆಂಟು ಚೆನ್ನಾಗಿ ತಾಗುವುದು. ನಡುವೆ ಚಾಸಿಸ್ ಕೂರುವ ಗುಬ್ಬು ಇದೆ ಅಲ್ವಾ, ಅದರ ಎರಡೂ ಕಡೆಯ ಹೊಟ್ಟೆ ನೇರ ರಾಡಿಗೆ ಕಾಣುವುದೇ ಇಲ್ಲ. ತುಕ್ಕು ಜಾಸ್ತಿ ಇರುವುದೋ ಅಲ್ಲೇ. ನಾನು ಕಂಬಿಯನ್ನು ಎರಡು ಕಾಲಾಗಿ ಬಗ್ಗಿಸಿ, ಒಂದೊಂದಾಗಿ ಇಳಿಸಿ, ಎಡಕ್ಕೊಂದು ಬಲಕ್ಕೊಂದು ಹೊಟ್ಟೆಯೊಳಗೆ ಕೂರಿಸಿದೆ. ಟ್ಯಾಂಕಿಗೆ ತಾಗದಂತೆ ಮೈತುಂಬ ತೂತು ಕೊರೆದ ಡ್ರಿಪ್ ಪೈಪು ಹೊದಿಸಿದೆ. ಈ ಡ್ರಿಪ್ ಪೈಪಿನ ಉಪಾಯ ನನ್ನದೇ, ಬೇರೆಲ್ಲೂ ನೋಡಿಲ್ಲ. ಕಾಕ್ ತೂತು ಮುಚ್ಚಲು ಬೇರೆ ಬೇರೆ ರಬ್ಬರ್ ಬಿರಡೆ ನೋಡಿದೆ, ಎಲ್ಲವೂ ಸೋರಿದವು. ಕೊನೆಗೆ ಕೂತದ್ದು ಏನೆಂದು ಕೇಳಬೇಡಿ, ಅಡುಗೆಮನೆಯಿಂದ ಹೋದದ್ದು ಇನ್ನೂ ಮನೆಯಲ್ಲಿ ಗೊತ್ತಾಗಿಲ್ಲ.

ಕರೆಂಟು ಕೊಟ್ಟ ಹತ್ತು ನಿಮಿಷಕ್ಕೆ ಗುಳ್ಳೆ ಏಳುತ್ತದೆ. ಒಂದು ಗಂಟೆಗೆ ಮುಚ್ಚಳದ ಬಾಯಲ್ಲಿ ಕಂದು ನೊರೆ. ಈ ಗುಳ್ಳೆ ಹೈಡ್ರೋಜನ್, ಜೊತೆಗೆ ಆಮ್ಲಜನಕ. ಬಯಲಲ್ಲೇ ಇಡಿ, ಬೀಡಿ ಸೇದುವವರನ್ನು ದೂರ ಕಳಿಸಿ, ಕ್ಲಿಪ್ ತೆಗೆಯುವ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ. ಪೆಟ್ರೋಲ್ ವಾಸನೆ ಪೂರ್ತಿ ಹೋಗದ ಟ್ಯಾಂಕಿಗೆ ವೈರು ಮುಟ್ಟಿಸಲೇಬೇಡಿ. ನೊರೆ ಪೇಂಟ್ ಮೇಲೆ ಹರಿದರೆ ಕಲೆ, ಆದ್ದರಿಂದ ಬಾಯಿಯ ಸುತ್ತ ಗ್ರೀಸ್ ಬಳಿದು ಹಳೇ ಟ್ಯೂಬ್ ಕತ್ತರಿಸಿ ಹಾಸಿದೆ. ಕಂಬಿಗೆ ಸಗಣಿ ಮೆತ್ತಿದ ಹಾಗೆ ಕೊಳೆ ಕಟ್ಟುತ್ತದೆ. ಬಲ್ಬ್ ಮಂಕಾದಾಗ ತೆಗೆದು ಕೆರೆದು ಮತ್ತೆ ಇಳಿಸಬೇಕು. ನಮ್ಮಲ್ಲಿ ಕರೆಂಟು ಹೋಗಿ ಬರುವುದು ಮಾಮೂಲು. ಹೋದರೆ ನಷ್ಟವಿಲ್ಲ, ಬಂದಾಗ ಮುಂದುವರಿಯುತ್ತದೆ. ಒಟ್ಟು ಮೂವತ್ತು ಮೂವತ್ತೈದು ಗಂಟೆ ಓಡಿರಬೇಕು.

ಫೋನಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಆರುನೂರು ರೂಪಾಯಿಗೆ ತಂದಿದ್ದೆ. ಇಡೀ ಖರ್ಚಿನಲ್ಲಿ ಅತಿ ಸಾರ್ಥಕ ಆದದ್ದು ಅದು. ಟಾರ್ಚ್ ಬಿಟ್ಟು ಇಣುಕಿದರೆ ಬಾಯಿಯ ಕೆಳಗಿನ ಅಂಗೈಯಗಲ ಮಾತ್ರ ಕಾಣುವುದು, ಅದು ಯಾವಾಗಲೂ ಮೊದಲು ಸ್ವಚ್ಛ ಆಗುವ ಜಾಗ. ಮೂಲೆಯಲ್ಲಿ ಕೆಂಪು ಹೋಗಿ ಕಪ್ಪು ಮಸಿ ಕಂಡರೆ ಕೆಲಸ ಆಯಿತೆಂದು ಅರ್ಥ. ಆ ಮಸಿ ಸಡಿಲ, ಚೈನು ಹಾಕಿ ಅಲುಗಾಡಿಸಿದರೆ ಬರುತ್ತದೆ.

ಇಲ್ಲಿಂದ ಮುಂದಿನ ಒಂದು ಗಂಟೆಯೇ ಮುಖ್ಯ. ಬರಿಯ ಕಬ್ಬಿಣ ನೀರು ಗಾಳಿ ಎರಡನ್ನೂ ಕಂಡರೆ ನಿಮಿಷಗಳಲ್ಲಿ ಕೆಂಪಾಗುತ್ತದೆ. ಬಹಳ ಜನ ಸೋಲುವುದು ಇಲ್ಲೇ, ಆಮೇಲೆ ಬೈಯುವುದು ವಿಧಾನವನ್ನು. ಮೊದಲನೆಯದಾಗಿ ಈ ಕೆಲಸ ಮಾರ್ಚ್ ಏಪ್ರಿಲ್‌ನಲ್ಲೇ ಮಾಡಿ, ಮಳೆಗಾಲದಲ್ಲಿ ಬೇಡ. ಕೊನೆಯ ತೊಳೆತ ಬಚ್ಚಲ ಹಂಡೆಯ ಕುದಿಯುವ ನೀರಲ್ಲಿ, ತಗಡು ಕೈಗೆ ಚುರ್ ಅನ್ನುವಷ್ಟು ಬಿಸಿಯಾಗಬೇಕು. ಆ ನೀರು ಸುರಿದ ಕೂಡಲೇ ಅರ್ಧ ಲೀಟರ್ ಐಸೋಪ್ರೊಪೈಲ್ ಸ್ಪಿರಿಟ್. ಮೊಬೈಲ್ ರಿಪೇರಿಯವರು ಬಳಸುವುದೇ, ನಾನು ತಂದಾಗ ಲೀಟರಿಗೆ ಮುನ್ನೂರರ ಒಳಗೆ ಇತ್ತು. ಉಳಿದ ನೀರನ್ನು ಅದು ಹೊತ್ತುಕೊಂಡು ಹೋಗುತ್ತದೆ. ಬಿಸಿ ಟ್ಯಾಂಕಿಗೆ ಸ್ಪಿರಿಟ್ ಅಂದರೆ ಹಬೆ ಏಳುತ್ತದೆ, ಹಂಡೆಯ ಒಲೆಯಿಂದ ಬಹಳ ದೂರ ಇರಿ. ಬೋರಲು ಹಾಕಿ ಅಡಿಕೆ ಅಂಗಳದ ಬಿಸಿಲು, ವಾಸನೆ ಹೋದ ಮೇಲೆ ಉದ್ದ ಪೈಪಿಟ್ಟು ಬ್ಲೋವರ್. ಒಣಗಿದೆ ಅನ್ನಿಸಿದ ತಕ್ಷಣ ಕಾಲು ಲೀಟರ್ ಟೂಟಿ (ಟೂ ಸ್ಟ್ರೋಕ್) ಆಯಿಲ್ ಸುರಿದು ಎಲ್ಲ ಮಗ್ಗುಲಿಗೂ ತಿರುಗಿಸಿದೆ. ಇಷ್ಟೂ ಆಗುವವರೆಗೆ ಊಟಕ್ಕೆ ಏಳಲಿಲ್ಲ.

ತುಕ್ಕು ಹೋದ ಮೇಲೆ ಕಾಕ್ ಹತ್ತಿರ ಸೂಜಿಮೊನೆಯ ಎರಡು ತೂತು ಕಂಡವು. "ನೋಡಿದ್ರಾ, ನಾ ಹೇಳಿರ್ಲಿಲ್ವಾ?" ಎಂದರು ಮೆಕ್ಯಾನಿಕ್. ಕರೆಂಟು ಮಾಡಿದ ತೂತಲ್ಲ ಮಾರಾಯ್ರೆ, ತುಕ್ಕು ತಿಂದ ತೂತು, ತುಕ್ಕೇ ಮುಚ್ಚಿಕೊಂಡಿತ್ತು ಅಷ್ಟೇ. ಸುತ್ತಲಿನ ತಗಡು ಸುತ್ತಿಗೆಯ ಹಿಡಿಯಲ್ಲಿ ಬಡಿದರೆ ಗಟ್ಟಿ ಸದ್ದು. ನೀರು ತುಂಬಿಸಿ, ತೂತಿನ ಭಾಗ ಮಾತ್ರ ಮೇಲೆ ಬರುವಂತೆ ಓರೆ ಇಟ್ಟು ಹಿತ್ತಾಳೆ ಬೆಸುಗೆ ಹಾಕಿಸಿದೆ, ಐದುನೂರು. ಒಣಗಿಸುವ ಕೆಲಸ ಮತ್ತೊಮ್ಮೆ ಮೊದಲಿಂದ. ಕರೆಂಟಿನ ಈ ಕೆಲಸಕ್ಕೆ ಎಲ್ಲ ಸೇರಿ ಕ್ಯಾಮೆರಾ ಹಿಡಿದು ಎರಡು ಸಾವಿರದ ಒಳಗೆ. ಕ್ಯಾಮೆರಾ, ಎಸ್‌ಎಂಪಿಎಸ್ ಉಳಿಯುವುದರಿಂದ ಮುಂದಿನ ಟ್ಯಾಂಕಿಗೆ ನಾನೂರೈನೂರು ಸಾಕು.

ಮಳೆಗಾಲಕ್ಕೆ ಮೊದಲು ಟ್ಯಾಂಕ್ ಫುಲ್ ಮಾಡಿ ನಿಲ್ಲಿಸಿ ಎಂದು ಹಿರಿಯರು ಹೇಳುತ್ತಾರೆ. ಹಳೇ ಪೆಟ್ರೋಲಿಗೆ ಸರಿ ಇತ್ತು. ಎಥನಾಲ್ ನೀರು ಹೀರುತ್ತದೆ, ಜಾಸ್ತಿಯಾದರೆ ನೀರಿನ ಜೊತೆ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಒಂದು ತಿಂಗಳಿಗಿಂತ ಜಾಸ್ತಿ ನಿಲ್ಲುವ ಗಾಡಿಯಾದರೆ ನಾನು ಪೂರ್ತಿ ಖಾಲಿ ಮಾಡಿ, ಆಯಿಲ್ ಸುತ್ತಿಸಿ, ಮುಚ್ಚಳದ ವಾಷರ್ ಹೊಸದು ಹಾಕಿ ಮುಚ್ಚುತ್ತೇನೆ. ವಾಷರ್ ಇಪ್ಪತ್ತು ರೂಪಾಯಿ. ಅದನ್ನು ಯಾರೂ ಬದಲಿಸುವುದಿಲ್ಲ, ನೀರು ಇಳಿಯುವುದು ಅಲ್ಲಿಂದಲೇ.

ಈಗ ಸ್ನೇಹಿತರೊಬ್ಬರ ಆರ್‌ಎಕ್ಸ್ ಟ್ಯಾಂಕ್ ಅಂಗಳದಲ್ಲಿದೆ. ಬಾಯಿ ಸಣ್ಣದು, ಎರಡು ಕಾಲಿನ ಕಂಬಿ ಇಳಿಸಲು ಒದ್ದಾಟ. ಒಳಗೆ ಯಾರೋ ಹಾಕಿದ ಎಂ-ಸೀಲ್ ಬೇರೆ ಇದೆ, ಅದರ ಅಡಿಯ ತುಕ್ಕಿಗೆ ಕರೆಂಟು ತಾಗುವುದಿಲ್ಲ. ಮೊದಲು ಅದನ್ನು ಕೆರೆದು ತೆಗೆಯಬೇಕು. ಟ್ಯಾಂಕ್ ತರುವವರು ದಯವಿಟ್ಟು ಪೆಟ್ರೋಲ್ ಖಾಲಿ ಮಾಡಿ, ಸೋಪಿನಲ್ಲಿ ತೊಳೆದು ತನ್ನಿ. ಕಾಕ್ ನೀವೇ ಬಿಚ್ಚಿ, ಥ್ರೆಡ್ ಹೋದರೆ ನನ್ನ ಮೇಲೆ ಹಾಕಬೇಡಿ.