ಹಳೇ ಪಂಚಾಂಗ ಹಿಡಿದು ಲಿವರ್‌ಪೂಲ್ ಸೀಸನ್ ಕಟ್ಟಿದ್ದು

"ಹಳೇ ಪಂಚಾಂಗ ಹಿಡಿದು ಈ ವರ್ಷದ ಹಬ್ಬ ಹುಡುಕ್ತೀಯಾ ಮಾರಾಯಾ?" ಅಂತ ಗೆಳೆಯ ನಕ್ಕಿದ್ದ. ನಗಲಿ. ಈಗ 1946-47ರ ಫಸ್ಟ್ ಡಿವಿಷನ್ನಿನ, ಅಂದರೆ ಇಂಗ್ಲೆಂಡಿನ ಆಗಿನ ಮೇಲ್ದರ್ಜೆಯ ಫುಟ್ಬಾಲ್ ಲೀಗಿನ, 462 ಪಂದ್ಯಗಳೂ ನನ್ನ ಶೀಟಿನಲ್ಲಿ ಕೂತಿವೆ. ಹಾಕಿದ ಗೋಲು, ತಿಂದ ಗೋಲು ಎರಡೂ ಕೂಡಿ ಬಂದಿವೆ.

ಯಾರೋ ಕಟ್ಟಿಟ್ಟ ರೆಡಿ ಪಟ್ಟಿಗಳು ಇವೆ, ಗೊತ್ತು. ನಕಲು ಮಾಡುವುದರಲ್ಲಿ ಏನು ಮಜಾ ಇದೆ? ಯುದ್ಧ ಮುಗಿದ ಮೇಲಿನ ಮೊದಲ ಪೂರ್ತಿ ಲೀಗಿನಲ್ಲಿ ಲಿವರ್‌ಪೂಲ್ ವಾರವಾರವೂ ಎಷ್ಟನೇ ಜಾಗದಲ್ಲಿತ್ತು ಅಂತ ಪತ್ರಿಕೆಯಿಂದಲೇ ತೆಗೆಯಬೇಕಿತ್ತು. ಆದರೆ ಆಗ ಕಾಗದಕ್ಕೂ ರೇಷನ್. ತೆಳು ಪತ್ರಿಕೆ, ಇರುವೆ ಸಾಲಿನಂಥ ಅಕ್ಷರ. ಸ್ಕ್ಯಾನಿನಲ್ಲಿ ಅರ್ಧ ಹೆಸರು ಮಸಿಯಲ್ಲಿ ಮುಳುಗಿ "…ಟನ್ 1" ಅಂತಷ್ಟೇ ಉಳಿದಿರುತ್ತದೆ. ಯಾವ ಟನ್? ಎವರ್ಟನ್, ಬೋಲ್ಟನ್, ಚಾರ್ಲ್‌ಟನ್, ಪ್ರೆಸ್ಟನ್, ಎಲ್ಲವೂ ಅದೇ ಡಿವಿಷನ್ನಿನಲ್ಲಿದ್ದವು.

ಮೊದಲ ಮೂರು ತಿಂಗಳು ಸುಮ್ನೆ ಹೋದವು. 3 ಅನ್ನು 8 ಅಂತ ಓದಿದ್ದೆಷ್ಟೋ. ಹಿಮಕ್ಕೆ ನಿಂತುಹೋದ ಪಂದ್ಯಗಳನ್ನೂ ಮುಂಗಡ ಪಟ್ಟಿ ನೋಡಿ ಎಣಿಸಿಬಿಟ್ಟಿದ್ದೆ. ದುಡ್ಡಿನ ಕಥೆ ಬೇರೆ. ಪತ್ರಿಕೆ ಆರ್ಕೈವಿನ ಚಂದಾ ಸುಮಾರು 80 ಪೌಂಡ್, ಪ್ರಿಂಟ್‌ಗಳಿಗೆ 40ರ ಹತ್ತಿರ. ಹೊಟ್ಟೆ ಉರಿಸಿದ್ದು ಮಾತ್ರ 35 ಪೌಂಡ್ ಕೊಟ್ಟು ತರಿಸಿದ ಆ ಕಾಲದ ಒಂದು ಮ್ಯಾಚ್ ಪ್ರೋಗ್ರಾಂ, ಪಂದ್ಯದ ದಿನ ಮಾರುವ ಪುಸ್ತಿಕೆ. ಲಕೋಟೆ ಬಿಚ್ಚಿದ ಕೂಡಲೇ ಅನುಮಾನ ಬಂತು. ಕಾಗದ ದಪ್ಪ, ಬೆಳ್ಳಗೆ, ನುಣುಪು. ಮಡಿಕೆಯ ಗೆರೆ ಕೈಗೆ ಹತ್ತಲೇ ಇಲ್ಲ, ಅದೂ ಪ್ರಿಂಟೇ! ಮಾರಿದವನು ಆಮೇಲೆ ಉತ್ತರವನ್ನೇ ಕೊಡಲಿಲ್ಲ.

ದಾರಿ ಸಿಕ್ಕಿದ್ದು 1939-40ರ ವೇಳಾಪಟ್ಟಿಯಿಂದ. ಯುದ್ಧ ಬಂದು ಮೂರೇ ಸುತ್ತಿಗೆ ನಿಂತ ಸೀಸನ್ ಅದು. 1946ರಲ್ಲಿ ಲೀಗಿನವರು ಹೊಸದನ್ನು ಮಾಡುವ ಗೋಜಿಗೆ ಹೋಗದೆ ಅದೇ ಪಟ್ಟಿಯನ್ನು ಮತ್ತೆ ಬಳಸಿದರು. 1939ರ ಆಗಸ್ಟ್ 26ಕ್ಕೆ ಲಿವರ್‌ಪೂಲ್ ಶೆಫೀಲ್ಡ್ ಯುನೈಟೆಡ್ ಮೈದಾನದಲ್ಲಿ ಆಡಿತ್ತು. 1946ರ ಆಗಸ್ಟ್ 31ಕ್ಕೂ ಅಲ್ಲೇ. ತಾರೀಖಿಗೆ 5 ಕೂಡಿಸಿದರೆ ಆ ಶನಿವಾರ ಯಾರ ಎದುರು ಯಾರು ಅಂತ ಗೊತ್ತಾಗುತ್ತದೆ. ಮಸಿಯ ಹಿಂದಿನ ಟನ್ ಯಾವುದು ಅಂತಲೂ.

ಫೆಬ್ರವರಿವರೆಗೆ ಚೆನ್ನಾಗಿತ್ತು. ಮಾರ್ಚ್ ಬಂದದ್ದೇ ಎಲ್ಲ ಪಂದ್ಯವೂ ಶುಕ್ರವಾರಕ್ಕೆ ಬೀಳತೊಡಗಿತು. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಹೆಂಡತಿ ಕಾಫಿ ಲೋಟ ಇಡುತ್ತಾ ಕೇಳಿದಳು: "ರೀ, 1940 ಅಧಿಕ ವರ್ಷ ಅಲ್ವಾ?" ಫೆಬ್ರವರಿ 29! ಅಲ್ಲಿಂದಾಚೆ 6 ಕೂಡಿಸಬೇಕು. ಈಸ್ಟರ್ ಇನ್ನೊಂದು ತಲೆನೋವು: 1940ರಲ್ಲಿ ಮಾರ್ಚ್ 24, 1947ರಲ್ಲಿ ಏಪ್ರಿಲ್ 6. ಅದನ್ನು ಹೇಗೆ ಬಿಡಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹಿಮ, ಮೇಲೆ ವಾರದ ನಡುವಿನ ಪಂದ್ಯಗಳಿಗೆ ಸರ್ಕಾರದ ತಡೆ, ಹೀಗೆ ಮುಂದೆ ಹೋದವಕ್ಕೆ, 22 ತಂಡ ಅಡ್ಡಕ್ಕೂ ಉದ್ದಕ್ಕೂ ಬರೆದು, 22-22 ಚೌಕದ ಹಾಳೆ ಮಾಡಿದೆ. ಖಾಲಿ ಮನೆ ಅಂದರೆ ಆಡದೇ ಉಳಿದ ಪಂದ್ಯ.

ತುಂಬುತ್ತಾ ಹೋದ ಹಾಗೆ ತಂಡದ ಸ್ವಭಾವ ಕಾಣಿಸಿತು. ಚೆಲ್ಸಿಗೆ 7-4 ಹೊಡೆದವರು ಮುಂದಿನ ಪಂದ್ಯದಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್ ಕೈಲಿ 5-0 ತಿಂದರು. ಕೂಡಲೇ 12,500 ಪೌಂಡ್ ಸುರಿದು ನ್ಯೂಕಾಸಲ್‌ನಿಂದ ಆಲ್ಬರ್ಟ್ ಸ್ಟಬಿನ್ಸ್‌ನನ್ನು ತಂದರು. ನನ್ನ 35 ಪೌಂಡಿನ ಹಾಗೆ ಅದು ಮೋಸ ಹೋಗಲಿಲ್ಲ. ನವೆಂಬರಿನಲ್ಲಿ ಜಾಕ್ ಬಾಮರ್ ಮೂರು ಪಂದ್ಯಕ್ಕೆ 3, 4, 3 ಗೋಲು. ನಾನೇ ತಪ್ಪು ತುಂಬಿದೆ ಅಂದುಕೊಂಡು ಮೂರು ಸಲ ತಿರುಗಿ ನೋಡಿದೆ. ಲೀಗಿನಲ್ಲಿ ಇಬ್ಬರದೂ 24-24.

ನಡುವೆ ಒಂದು ತರಲೆ ಮಾಡಿದೆ. ಗೆಲುವಿಗೆ ಆಗ 2 ಅಂಕ, ಈಗಿನಂತೆ 3 ಕೊಟ್ಟರೆ? ಲಿವರ್‌ಪೂಲ್ 82, ವುಲ್ವ್ಸ್ 81, ಸ್ಟೋಕ್ 79, ಮ್ಯಾಂಚೆಸ್ಟರ್ ಯುನೈಟೆಡ್ 78. ಯುನೈಟೆಡ್ ಎರಡರಿಂದ ನಾಲ್ಕಕ್ಕೆ! ಆಗ ಯುನೈಟೆಡ್, ವುಲ್ವ್ಸ್ ಇಬ್ಬರದೂ 56. ಹಾಕಿದ ಗೋಲನ್ನು ತಿಂದ ಗೋಲಿನಿಂದ ಭಾಗಿಸುವ ಆಗಿನ ಲೆಕ್ಕದಲ್ಲಿ 95-54 ಇದ್ದ ಯುನೈಟೆಡ್ ಕೂದಲೆಳೆ ಮುಂದೆ. ಕಳೆಯುವ ಲೆಕ್ಕವಾಗಿದ್ದರೆ 98-56ರ ವುಲ್ವ್ಸ್ ಮೇಲೆ ಬರುತ್ತಿತ್ತು. ಮಾಲ್ಟ್ ಹಾಲಿನ ಪ್ರಯೋಗವೂ ಆಯಿತು. ಮ್ಯಾನೇಜರ್ ಜಾರ್ಜ್ ಕೇ ರೇಷನ್ ಕಾಲದಲ್ಲಿ ತಂಡವನ್ನು ಅಮೆರಿಕಕ್ಕೆ ಕರೆದೊಯ್ದು ಚೆನ್ನಾಗಿ ಉಣ್ಣಿಸಿದ್ದರು ಅಂತ ಓದಿ ನಾನೂ ಒಂದು ತಿಂಗಳು ಕುಡಿದೆ. ಬಂದದ್ದು ಹೊಟ್ಟೆ.

ಮೇ 31ಕ್ಕೆ ವುಲ್ವ್ಸ್ ಮೈದಾನದಲ್ಲಿ 2-1 ಗೆದ್ದು ಲಿವರ್‌ಪೂಲ್ 57ಕ್ಕೆ ಮುಟ್ಟಿತು. ಸ್ಟೋಕ್ 55, ಒಂದು ಪಂದ್ಯ ಬಾಕಿ. ಗೆದ್ದರೆ ಅಂಕ ಸಮ, ಗೋಲಿನ ಲೆಕ್ಕದಲ್ಲಿ ಕಪ್ಪು ಸ್ಟೋಕಿಗೆ. ಅಂಥ ಹೊತ್ತಲ್ಲೇ ಅವರು ತಮ್ಮ ತಾರಾ ಆಟಗಾರ ಸ್ಟಾನ್ಲಿ ಮ್ಯಾಥ್ಯೂಸ್‌ನನ್ನು ಬ್ಲ್ಯಾಕ್‌ಪೂಲ್‌ಗೆ ಮಾರಿಬಿಟ್ಟಿದ್ದರು. ಯಾವ ಬುದ್ಧಿಯೋ.

ನನ್ನ ಹಾಳೆಯಲ್ಲೂ ಒಂದೇ ಮನೆ ಖಾಲಿ ಇತ್ತು, ಜೂನ್ 14, ಶೆಫೀಲ್ಡ್ ಯುನೈಟೆಡ್ ಮೈದಾನದಲ್ಲಿ ಸ್ಟೋಕಿನ ಆ ಕೊನೆಯ ಪಂದ್ಯ. ಅವತ್ತು ಲಿವರ್‌ಪೂಲ್ ಆನ್‌ಫೀಲ್ಡಿನಲ್ಲಿ ಎವರ್ಟನ್ ಜೊತೆ ಊರಿನ ಕಪ್ ಆಡುತ್ತಿತ್ತು. ಶೆಫೀಲ್ಡಿನ ಸ್ಕೋರ್ ಅಲ್ಲೇ ಮೈದಾನದಲ್ಲಿ ಕೂಗಿ ಹೇಳಿದರಂತೆ. ನಾನು ರಾತ್ರಿ ಹನ್ನೊಂದೂವರೆಗೆ ಅಡುಗೆಮನೆ ಮೇಜಿನ ಮೇಲೆ ಕೊನೆಯ ಮನೆಗೆ 2-1 ಅಂತ ತುಂಬಿದೆ, ಗೆಲುವು ಶೆಫೀಲ್ಡಿಗೆ. ಸ್ಟೋಕ್ 55ರಲ್ಲೇ ನಿಂತಿತು, ಕಪ್ಪು ಲಿವರ್‌ಪೂಲಿಗೆ. ಗೆಳೆಯನಿಗೆ ಶೀಟ್ ಕಳಿಸಿದೆ. ಅವನು ಕೇಳಿದ್ದು ಒಂದೇ: "ಈಸ್ಟರ್ ಹೇಗೆ ಮಾಡಿದೆ?"