ಪಿಕಪ್ಪಿನ ಹೆಡ್‌ಲೈಟ್: ಬಲ್ಬಿಗೂ ಮೊದಲು ವೈರು ನೋಡಿ

ಬ್ಯಾಟರಿ ಹತ್ತಿರ 14.1 ವೋಲ್ಟ್. ಹೆಡ್‌ಲೈಟ್ ಬಲ್ಬಿನ ಹಿಂದೆ 11.9. ಮಲ್ಟಿಮೀಟರ್‌ನಲ್ಲಿ ಈ ಎರಡು ಅಂಕಿ ನೋಡಿದ ದಿನ ನನಗೆ ವಿಷಯ ಗೊತ್ತಾಯಿತು. ಅದಕ್ಕೂ ಮೊದಲು ಎರಡು ವರ್ಷ ಬಲ್ಬಿನ ಮೇಲೆ ಹಾಕಿದ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗಿತ್ತು.

ನಾನು ದಾವಣಗೆರೆಯವನು. ಸ್ವಂತ ಪಿಕಪ್, ನಾನೇ ಡ್ರೈವರ್. ಜಗಳೂರು, ಬಿಳಿಚೋಡು ಕಡೆಯಿಂದ ಮೆಕ್ಕೆಜೋಳ, ಈರುಳ್ಳಿ ತುಂಬಿಕೊಂಡು ಬೆಳಗಾಗುವ ಮುಂಚೆ ಎಪಿಎಂಸಿ ಮುಟ್ಟಿಸಬೇಕು. ಹಾಗಾಗಿ ನನ್ನ ಓಡಾಟ ಜಾಸ್ತಿ ಕತ್ತಲಲ್ಲೇ. ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ರಾತ್ರಿ ರಾಶಿ ಮಾಡಿ ಮೇಲೆ ತಾಡಪಾಲು ಹೊದಿಸುತ್ತಾರೆ. ಒಂದು ನವೆಂಬರ್ ರಾತ್ರಿ ಬಿಳಿಚೋಡು ದಾಟಿ ಬರುತ್ತಿದ್ದೆ. ಎಡಗಡೆ ಕಲ್ಲು ಕಂಡಿತು, ಬ್ರೇಕ್ ಹಾಕಿದೆ. ಗಾಡಿ ನಿಂತ ಮೇಲೆ ನೋಡಿದರೆ ರಾಶಿಯ ಈ ಪಕ್ಕದಲ್ಲಿ ಕರಿ ಕಂಬಳಿ ಹೊದ್ದು ಒಬ್ಬರು ಮಲಗಿದ್ದರು. ಬಂಪರ್‌ಗೂ ಕಂಬಳಿಗೂ ನಡುವೆ ನಾಲ್ಕು ಮಾರು ಇತ್ತೋ ಇಲ್ಲವೋ. ಅವರಿಗೆ ಎಚ್ಚರವೂ ಆಗಲಿಲ್ಲ.

60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಮಾರನೇ ದಿನವೇ ಲೈಟ್ ಬದಲಿಸಲು ಹೊರಟೆ.

ನನ್ನ ಗಾಡಿಗೆ ಬರುವುದು ಎಚ್4 ಬಲ್ಬ್, 60/55 ವ್ಯಾಟ್. ದೂರಕ್ಕೆ ಬೀಳುವ ಹೈ ಬೀಮಿಗೆ 60, ಕೆಳಗೆ ಹತ್ತಿರಕ್ಕೆ ಬೀಳುವ ಡಿಪ್ಪಿಗೆ 55. ಅಂಗಡಿಯವರು 100/90 ಕೊಟ್ಟರು. ಅದೇ ಪಿನ್ನು, ಅದೇ ಹೋಲ್ಡರ್, ಕೂರಿಸುವುದು ಐದು ನಿಮಿಷದ ಕೆಲಸ. ಹತ್ತು ದಿನ ಬೆಳಕು ಚೆನ್ನಾಗಿತ್ತು. ಆಮೇಲೆ ಹರಿಹರದ ಹತ್ತಿರ ಬಲಗಡೆ ಲೈಟ್ ಮಿಣುಕತೊಡಗಿತು, ಜೊತೆಗೆ ಸುಟ್ಟ ವಾಸನೆ. ಬಾನೆಟ್ ಎತ್ತಿ ನೋಡಿದರೆ ಬಲ್ಬಿನ ಹಿಂದೆ ವೈರು ಸಿಕ್ಕಿಸುವ ಕಪ್ಲರಿನ ಪ್ಲಾಸ್ಟಿಕ್ ಕಂದು ತಿರುಗಿ, ಕರಗಿ, ಪಿನ್ನಿಗೆ ಅಂಟಿಕೊಂಡಿತ್ತು. ಎಳೆದರೂ ಬರಲಿಲ್ಲ. ಲೆಕ್ಕ ಸುಲಭ. 60 ವ್ಯಾಟಿನ ಎರಡು ಬಲ್ಬಿಗೆ ಸುಮಾರು 10 ಆಂಪಿಯರ್ ಸಾಕು. 100 ವ್ಯಾಟಿನ ಎರಡಕ್ಕೆ ಸುಮಾರು 17 ಬೇಕು. ಹತ್ತಕ್ಕೆ ಅಂತ ಹಾಕಿದ ವೈರಿನಲ್ಲಿ ಹದಿನೇಳು ಹರಿದರೆ ಬಿಸಿ ಆಗದೆ ಇರುತ್ತದಾ?

ಆಮೇಲೆ ಎಲ್‌ಇಡಿ. ಬೆಳ್ಳಗೆ, ಹಾಲಿನ ಹಾಗೆ ಬೆಳಕು. ಮನೆ ಮುಂದೆ ನಿಲ್ಲಿಸಿ ಹಾಕಿದಾಗ ಬೀದಿಯೆಲ್ಲ ಹಗಲಾಯಿತು. ಆದರೆ ರಸ್ತೆಗಿಳಿದರೆ ಎದುರಿಗೆ ಬರುವವರೆಲ್ಲ ಡಿಪ್ ಡಿಪ್ ಹೊಡೆಯುತ್ತಿದ್ದರು, ನಾನು ಡಿಪ್ಪಿನಲ್ಲೇ ಇದ್ದರೂ. ಅಣಜಿ ಹತ್ತಿರ ಟ್ರ್ಯಾಕ್ಟರ್ ಹುಡುಗನೊಬ್ಬ ನಿಲ್ಲಿಸಿಯೇ ಬಿಟ್ಟ. "ಅಣ್ಣಾ, ನಿನ್ ಲೈಟಿಗೆ ರೋಡೇ ಕಾಣವಲ್ದು. ಹಿಂದೆ ಟ್ರೇಲರ್‌ನಾಗೆ ಮಂದಿ ಅದಾರ" ಅಂದ. ಅವತ್ತು ರಾತ್ರಿ ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸಿ, ಡಿಪ್ ಹಾಕಿ, ಐವತ್ತು ಹೆಜ್ಜೆ ದೂರ ಹೋಗಿ ತಿರುಗಿ ನೋಡಿದೆ. ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗಿತ್ತು. ಲೈಟ್ ಬದಲಿಸಿದ ಎಲ್ಲರೂ ಇದೊಂದು ಮಾಡಲೇಬೇಕು. ಎದುರಿನವನ ಜಾಗದಲ್ಲಿ ಒಂದು ಸಲ ನಿಂತು ನೋಡಿ.

ಕಾರಣ ಬಲ್ಬಿನ ಒಳಗಿದೆ. ಎಚ್4ರಲ್ಲಿ ಎರಡು ಫಿಲಮೆಂಟ್, ಅಂದರೆ ಉರಿಯುವ ತಂತಿ. ಡಿಪ್ಪಿನ ಫಿಲಮೆಂಟ್ ಕೆಳಗೆ ಚಮಚದ ಆಕಾರದ ಒಂದು ಚಿಕ್ಕ ತಗಡು ಇರುತ್ತದೆ. ಮೇಲೆ ಹೋಗುವ ಬೆಳಕನ್ನು ತಡೆಯುವುದು ಆ ತಗಡು. ಬಲ್ಬಿನ ಸುತ್ತಲಿನ ಹೊಳೆಯುವ ಬಟ್ಟಲು, ಅಂದರೆ ರಿಫ್ಲೆಕ್ಟರ್, ಮಾಡಿರುವುದೇ ಆ ಫಿಲಮೆಂಟ್ ಎಲ್ಲಿದೆಯೋ ಅಲ್ಲಿಂದ ಬೆಳಕು ಬರುತ್ತದೆ ಅಂತ. ಎಲ್‌ಇಡಿ ಚಿಪ್ಪು ಒಂದೆರಡು ಮಿಲಿಮೀಟರ್ ಆಚೆಈಚೆ ಕೂತರೂ ಬೆಳಕು ಚೆಲ್ಲಾಪಿಲ್ಲಿ. ಬಂಪರ್ ಮುಂದಿನ ನೆಲ ಜಾಸ್ತಿ ಬೆಳಗುತ್ತದೆ. ಆ ಬೆಳಕಿಗೆ ನಮ್ಮ ಕಣ್ಣಿನ ಪಾಪೆ ಚಿಕ್ಕದಾಗಿ ದೂರದ್ದು ಇನ್ನೂ ಕಪ್ಪಾಗಿ ಕಾಣುತ್ತದೆ. ಮಳೆಯಲ್ಲಂತೂ ಟಾರು ರಸ್ತೆ ಆ ಬಿಳಿ ಬೆಳಕನ್ನು ನುಂಗಿಯೇ ಹಾಕಿತು. ಎಲ್ಲ ಎಲ್‌ಇಡಿಯೂ ಕೆಟ್ಟದು ಅಂತ ನಾನು ಹೇಳುವುದಿಲ್ಲ. ಕಂಪನಿಯಿಂದಲೇ ಎಲ್‌ಇಡಿ ಲೈಟಿನೊಂದಿಗೆ ಬರುವ ಗಾಡಿಯ ವಿಷಯ ಬೇರೆ, ಅಲ್ಲಿ ರಿಫ್ಲೆಕ್ಟರೇ ಅದಕ್ಕೆ ಅಂತ ಮಾಡಿರುತ್ತಾರೆ. 2024ರಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟಿನವರ ಮೇಲೆ ಕೇಸು ಹಾಕಲು ಶುರು ಮಾಡಿದ್ದು ನಿಮಗೂ ನೆನಪಿರಬಹುದು. ನಾನು ಬಿಚ್ಚಿದ್ದು ಮಾತ್ರ ಆ ಟ್ರ್ಯಾಕ್ಟರ್ ಹುಡುಗನ ಮಾತಿಗೆ.

ಪಿ.ಬಿ. ರೋಡಿನಿಂದ ಸ್ವಲ್ಪ ಒಳಗೆ ಒಬ್ಬರು ವಯಸ್ಸಾದ ಎಲೆಕ್ಟ್ರಿಷಿಯನ್ ಇದ್ದಾರೆ. ಎಲ್ಲರೂ ಕಾಕಾ ಅಂತಾರೆ. ನಾನು ಹೋಗಿ "ಕಾಕಾ, ಒಳ್ಳೆ ಬಲ್ಬ್ ಯಾವುದು ಹೇಳ್ರಿ" ಅಂದೆ. "ಬಲ್ಬ್ ಬಿಡಪ್ಪಾ, ಅದಕ್ಕೆ ಊಟ ಹೋಗ್ತಾ ಇದೆಯಾ ನೋಡೋಣ" ಅಂದರು. ಆಗ ಬಂದ ಅಂಕಿಗಳೇ ಮೇಲೆ ಹೇಳಿದ 14.1 ಮತ್ತು 11.9. ಇಲ್ಲಿ ಒಂದು ಮಾತು ನೆನಪಿಡಿ. ಬಲ್ಬ್ ಉರಿಯುತ್ತಿರುವಾಗಲೇ ಕಪ್ಲರಿನ ಹಿಂದಿನಿಂದ ಮೀಟರ್ ಕಡ್ಡಿ ತೂರಿಸಿ ನೋಡಬೇಕು. ಬಲ್ಬ್ ಬಿಚ್ಚಿ ನೋಡಿದರೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ರೋಗ ಸಿಗುವುದಿಲ್ಲ.

ಎರಡು ವೋಲ್ಟ್ ತಾನೇ ಅನ್ನಿಸಬಹುದು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಈ ಬಲ್ಬಿನ ಬೆಳಕನ್ನು ಕಂಪನಿಗಳು ಅಳೆಯುವುದು 13.2 ವೋಲ್ಟಿನಲ್ಲಿ. ಡಿಪ್ಪಿಗೆ ಸುಮಾರು 1000 ಲ್ಯೂಮೆನ್ (ಬೆಳಕಿನ ಅಳತೆ), ಹೈ ಬೀಮಿಗೆ 1650. ನನಗೆ 11.9ರಲ್ಲಿ ಸಿಗುತ್ತಿದ್ದದ್ದು ಡಿಪ್ಪಿನಲ್ಲಿ 700ರ ಆಸುಪಾಸು. ಬಾಕಿಯದ್ದು ಹಳೆ ವೈರು, ಸ್ವಿಚ್ಚು, ಬಾಡಿಗೆ ಕೂರಿಸಿದ ಕಡೆ ತುಕ್ಕು ಹಿಡಿದ ಅರ್ತ್ ವೈರಿನಲ್ಲಿ ಬಿಸಿಯಾಗಿ ಹೋಗುತ್ತಿತ್ತು.

ಕಾಕಾ ಹಾಕಿಸಿದ್ದು ಎರಡು ರಿಲೇ, ಹೈಗೆ ಒಂದು, ಡಿಪ್ಪಿಗೆ ಒಂದು. ರಿಲೇ ಅಂದರೆ ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕುವ, ತೆಗೆಯುವ ಸ್ವಿಚ್ಚು. ಹಳೆ ಕಪ್ಲರಿನಿಂದ ಬರುವ ಕರೆಂಟ್ ಈಗ ಬಲ್ಬಿಗೆ ಹೋಗುವುದಿಲ್ಲ, ರಿಲೇಯ 86ನೇ ಪಿನ್ನಿಗೆ ಹೋಗುತ್ತದೆ. 85 ಅರ್ತಿಗೆ. ರಿಲೇ ಎಳೆದುಕೊಳ್ಳಲು ಚೂರು ಕರೆಂಟ್ ಸಾಕು, ಸ್ವಿಚ್ಚಿಗೂ ಆರಾಮ. ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸ್ ದಾಟಿ 2.5 ಚದರ ಎಂಎಂ ವೈರು ನೇರ 30ಕ್ಕೆ, 87ರಿಂದ ಬಲ್ಬಿಗೆ. ಫ್ಯೂಸ್ ಬ್ಯಾಟರಿಯಿಂದ ಗೇಣು ದೂರದೊಳಗೆ ಇರಲೇಬೇಕು. ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಗಾಡಿ ಉಳಿಸುವುದು ಅದೊಂದೇ. ಅರ್ತ್ ವೈರಿಗೆ ಹೊಸ ಬೋಲ್ಟ್. ಕೂರುವ ಜಾಗದ ಪೇಂಟನ್ನು ಎಮರಿ ಪೇಪರಿನಲ್ಲಿ ಹೊಳಪು ಬರುವ ತನಕ ಉಜ್ಜಿದರು. ಕರಗಿದ ಹೋಲ್ಡರ್ ಕಿತ್ತು ಸೆರಾಮಿಕ್ ಹೋಲ್ಡರ್ ಹಾಕಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಎಲ್ಲ ಸೇರಿ 1,500 ರೂಪಾಯಿಯೊಳಗೆ ಆಯಿತು.

ಬಲ್ಬ್ ಮತ್ತೆ ಅದೇ 60/55, ಒಳ್ಳೆ ಕಂಪನಿಯ ಮಾಮೂಲಿ ಹಳದಿ ಬೆಳಕಿನದು. ನೀಲಿ ಬಣ್ಣ ಬಳಿದ ಗಾಜಿನ ಬಲ್ಬ್ ಬೇಡ ಅಂದೆ. ಆ ಬಣ್ಣವೇ ಸ್ವಲ್ಪ ಬೆಳಕು ತಿನ್ನುತ್ತದೆ. ಗಾಜಿಗೆ ಬೆರಳು ಮುಟ್ಟಿಸಲಿಲ್ಲ, ಬಟ್ಟೆಯಲ್ಲಿ ಹಿಡಿದು ಕೂರಿಸಿದೆವು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಬಿಸಿಯಾಗಿ ಬಲ್ಬ್ ಬೇಗ ಹೋಗುತ್ತದೆ. ಈಗ ಬಲ್ಬಿನ ಹಿಂದೆ 13.6 ವೋಲ್ಟ್. ಮೊದಲಿಗಿಂತ ಒಂದೂವರೆ ಪಟ್ಟು ಬೆಳಕು, ಅದೇ 60/55 ಬಲ್ಬಿನಲ್ಲಿ!

ಇಷ್ಟಾದ ಮೇಲೂ ಲೋಡ್ ತುಂಬಿದ ದಿನ ಎದುರಿನವರು ಡಿಪ್ ಹೊಡೆದರು. ಇದು ಪಿಕಪ್ಪಿನವರು ತಿಳಿಯಲೇಬೇಕಾದ ವಿಷಯ. ಹಿಂದೆ ಮೂಟೆ ಬಿದ್ದರೆ ಪಾಟಾ (ಹಿಂದಿನ ಸ್ಪ್ರಿಂಗ್ ಪಟ್ಟಿ) ಕೂತು ಗಾಡಿಯ ಮೂತಿ ಮೇಲೇಳುತ್ತದೆ. ಖಾಲಿ ಗಾಡಿಯಲ್ಲಿ ಸೆಟ್ ಮಾಡಿದ ಲೈಟ್ ಆಗ ಮರದ ಕೊಂಬೆ ನೋಡುತ್ತದೆ. ನನ್ನ ಗಾಡಿಯಲ್ಲಿ ಲೈಟ್ ಏರಿಳಿಸುವ ಸ್ವಿಚ್ ಇಲ್ಲ. ಅದಕ್ಕೆ ಲೋಡ್ ಇರುವಾಗಲೇ ಸೆಟ್ ಮಾಡಿದೆ. ಸಮ ನೆಲದಲ್ಲಿ ಗೋಡೆಗೆ 25 ಅಡಿ ದೂರ ನಿಲ್ಲಿಸಿ, ಹೆಡ್‌ಲೈಟಿನ ನಡುಮಧ್ಯದ ಎತ್ತರಕ್ಕೆ ಗೋಡೆಯ ಮೇಲೆ ಒಂದು ಗೆರೆ ಎಳೆದೆ. ಅದರಿಂದ ಮೂರು ಇಂಚು ಕೆಳಗೆ ಇನ್ನೊಂದು. ಡಿಪ್ಪಿನ ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಕೂರುವ ತನಕ ಸ್ಕ್ರೂ ತಿರುಗಿಸಿದೆ. ಎಡಗಡೆ ಅಂಚು ಸ್ವಲ್ಪ ಮೇಲೆ ಏರಿರುತ್ತದೆ, ಅದು ಸರಿಯೇ. ನಾವು ಎಡಕ್ಕೆ ಓಡಿಸುವವರು, ರಸ್ತೆಯ ಎಡ ಅಂಚು, ಅಲ್ಲಿನ ಕಲ್ಲು, ಕಂಬಳಿ ಕಾಣಲಿ ಅಂತಲೇ ಹಾಗೆ ಮಾಡಿರುವುದು. ಖಾಲಿ ಬರುವಾಗ ಬೆಳಕು ಸ್ವಲ್ಪ ಹತ್ತಿರಕ್ಕೇ ಬೀಳುತ್ತದೆ. ಆಗ ನಿಧಾನಕ್ಕೆ ಬರುತ್ತೇನೆ. ಎದುರಿನವನ ಕಣ್ಣು ಕಟ್ಟುವುದಕ್ಕಿಂತ ಅದು ವಾಸಿ.

ಆ ಗೆರೆಗಳು ನಮ್ಮ ಮನೆ ಎದುರಿನ ಗೋಡೌನ್ ಗೋಡೆಯ ಮೇಲೆ ಇನ್ನೂ ಇವೆ. ಸೀಮೆಸುಣ್ಣ ಅಳಿಸಿ ಹೋಗುತ್ತಿತ್ತು ಅಂತ, ಮಾಲೀಕರನ್ನು ಕೇಳಿ ಕೆಂಪು ಪೇಂಟಿನಲ್ಲಿ ಎಳೆದಿದ್ದೇನೆ. ನಮ್ಮ ಬೀದಿಯ ಇನ್ನೆರಡು ಪಿಕಪ್ಪಿನವರು ಈಗ ಸುಗ್ಗಿಗೆ ಮೊದಲು, ಮೂಟೆ ಹೇರಿಕೊಂಡೇ ಬಂದು ಅಲ್ಲಿ ನಿಲ್ಲಿಸುತ್ತಾರೆ. ಒಬ್ಬರ ಗಾಡಿಯ ಹೆಡ್‌ಲೈಟ್ ನನ್ನದಕ್ಕಿಂತ ಎರಡು ಇಂಚು ಎತ್ತರ. ಅವರಿಗೆ ಅಂತ ಪಕ್ಕದಲ್ಲೇ ನೀಲಿ ಗೆರೆ ಎಳೆದಿದ್ದೇವೆ.